ಒಂದೂವರೆ ಗಂಟೆಯ ದ್ವೀಪ

ಹೆರಿಗೆಗೆ ತವರಿಗೆ ಬರಬೇಕಿದ್ದ ನನ್ನ ತಂಗಿಗೆ ದಿನ ತುಂಬುವ ಮೊದಲೇ ನೋವು ಬಂದು, ಲಕ್ಷದ್ವೀಪದಲ್ಲೇ ಗಂಡುಮಗು ಹುಟ್ಟಿತು. ಅವಳ ಗಂಡನಿಗೆ ಅಲ್ಲಿ ಸರ್ಕಾರಿ ಕೆಲಸ. ಮೊಮ್ಮಗನಿಗೆ ಎಣ್ಣೆನೀರು ಹಾಕುವವರು ಯಾರು ಎಂದು ನಮ್ಮೂರು ಹಂಗಳದಲ್ಲಿ ಅವ್ವ ಊಟ ಬಿಟ್ಟಳು. ಊಟವೆಂದರೆ ಮುದ್ದೆ ಮಾತ್ರ. ಕಾಫಿ, ಚಕ್ಕುಲಿ ನಡೆಯುತ್ತಲೇ ಇದ್ದವು.

ಚಾಮರಾಜನಗರದ ನನ್ನ ಮನೆಯಿಂದ ನಾನು ಹೋಗಿ ತಂಗಿಗೆ ಫೋನು ಹಚ್ಚಿಕೊಟ್ಟೆ. ಕೊಚ್ಚಿಯಿಂದ ವಿಮಾನದಲ್ಲಿ ಒಂದೂವರೆ ಗಂಟೆ, ಆಮೇಲೆ ಒಂದು ದೋಣಿ ಎಂದಳು ಅವಳು. ಅವ್ವನ ಕಿವಿಗೆ ಬಿದ್ದದ್ದು ಮೊದಲರ್ಧ ಮಾತ್ರ.

"ಅಷ್ಟೇನಾ? ಗುಂಡ್ಲುಪೇಟೇಲಿ ಬಸ್ ಬದಲಾಯ್ಸಿ ನಿನ್ ಮನೆಗ್ ಬರೋಷ್ಟೊತ್ತು ಕಣಮ್ಮಿ. ನಡಿ, ಓಗನ."

"ಕೊಚ್ಚಿಗೆ ಹೋಗ್ಬೇಕಲ್ಲವ್ವ ಮೊದ್ಲು?"

"ಅದೇನ್ ದೊಡ್ ವಿಷ್ಯ ಬುಡು."

ಬಸ್ಸು ವಯನಾಡಿನ ಘಾಟಿ ಇಳಿಯುವಾಗಲೇ ಅವ್ವ "ಬಂತಾ?" ಎಂದಳು. ಕೋಳಿಕ್ಕೋಡಿನಲ್ಲಿ ರೈಲು ಹತ್ತುವಾಗ ಇನ್ನೊಮ್ಮೆ ಕೇಳಿದಳು. ಕೊಚ್ಚಿಯ ಲಾಡ್ಜಿನಲ್ಲಿ ಮಲಗುವ ಹೊತ್ತಿಗೆ ಕೇಳುವುದನ್ನೇ ಬಿಟ್ಟು, ತಂಗಿಯ ಗಂಡನ ಕಡೆಯವರನ್ನೆಲ್ಲ ಬೈಯತೊಡಗಿದ್ದಳು.

ಮರುದಿನ ಜೋರು ಮಳೆ. ಇವತ್ತು ವಿಮಾನ ಹೋಗುವುದಿಲ್ಲ, ನಾಳೆ ನೋಡೋಣ ಎಂದಳು ನಿಲ್ದಾಣದ ಹುಡುಗಿ. ಅವ್ವ ಮುಂದೆ ನುಗ್ಗಿದಳು. ಅವಳ ಮಲಯಾಳವೆಲ್ಲ ನಮ್ಮ ಕಡೆ ಹೂವು, ತರಕಾರಿ ಕೊಳ್ಳಲು ಬರುವ ಕೇರಳದವರ ಜೊತೆ ಚೌಕಾಸಿ ಮಾಡಿ ಕಲಿತದ್ದು. ಆದ್ದರಿಂದ ಹುಡುಗಿ 'ನಾಳೆ' ಎಂದರೆ ಅವ್ವ 'ಸಾಯಂಕಾಲ' ಎಂದಳು. ಹುಡುಗಿ ಮತ್ತೆ 'ನಾಳೆ' ಎಂದಳು. ಅವ್ವ ವ್ಯಾಪಾರ ಬೇಡವೆನ್ನುವಂತೆ ಮುಖ ತಿರುಗಿಸಿ ನಾಲ್ಕು ಹೆಜ್ಜೆ ನಡೆದು, ಕರೆಯುತ್ತಾಳೇನೋ ಎಂದು ತಿರುಗಿ ನೋಡಿದಳು. ಹುಡುಗಿ ಕರೆಯಲಿಲ್ಲ.

ಮಾರನೆಯ ದಿನ ಮಳೆ ಬಿಟ್ಟ ಮೇಲೆ ವಿಮಾನ ಹೊರಟಿತು. ಹತ್ತುವ ಮುಂಚೆ ಎಲ್ಲ ದೇವರಿಗೂ ಕೈಮುಗಿದಿದ್ದ ಅವ್ವ, ಅದು ಮೇಲೇರುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದಳು. ಅಗತ್ತಿ ದ್ವೀಪದಲ್ಲಿ ಇಳಿದಾಗ ನಾಲ್ಕೂ ದಿಕ್ಕಿಗೆ ನೀರು ನೋಡಿ ಬೆಚ್ಚಿಬಿದ್ದು, "ಊರೆಲ್ಲಮ್ಮಿ?" ಎಂದಳು. ತಂಗಿಯ ಊರು ಇನ್ನೊಂದು ದ್ವೀಪ. ಅಲ್ಲಿಗೆ ದೋಣಿಯಲ್ಲಿ ಹೋಗಬೇಕಿತ್ತು. ಆ ಪ್ರಯಾಣದ ಬಗ್ಗೆ ಬರೆಯಕೂಡದೆಂದು ಅವ್ವ ಆಣೆ ಹಾಕಿಸಿದ್ದಾಳೆ. ಹೊಟ್ಟೆಯಲ್ಲಿ ಚಕ್ಕುಲಿ ಉಳಿಯಲಿಲ್ಲವೆಂದಷ್ಟೇ ಹೇಳುತ್ತೇನೆ.

ದಡದಲ್ಲಿ ತಂಗಿ ಮಗು ಎತ್ತಿಕೊಂಡು ನಿಂತಿದ್ದಳು. ದೋಣಿಯಿಂದ ಇಳಿದದ್ದೇ ಅವ್ವ ಕೈ ಚಾಚಿದಳು. ಮಗು ಅವಳನ್ನು ನೋಡಿದ್ದೇ ಕಿಟಾರನೆ ಕಿರುಚಿತು.

"ನನ್ ಮಗನೆ, ನಿನ್ಗೋಸ್ಕರ ಸಮುದ್ರ ದಾಟ್ಕಂಡ್ ಬಂದಿವ್ನಿ, ಅಳ್ತಿಯೇನ್ಲಾ?" ಎಂದು ಅವ್ವ ಅವನನ್ನು ಎದೆಗೆ ಒತ್ತಿಕೊಂಡಳು. ಬೈದದ್ದು ಅವಳೇ, ಕಣ್ಣು ಒರೆಸಿಕೊಂಡದ್ದೂ ಅವಳೇ. ತಂಗಿಯಂತೂ ಅವ್ವನ ಸೆರಗು ಹಿಡಿದುಕೊಂಡು ನಡೆದಳು.

ಮರುದಿನ ಅವ್ವ ಕಾಲಿನ ಮೇಲೆ ಮಗುವನ್ನು ಮಲಗಿಸಿಕೊಂಡು, ಹಂಗಳದಿಂದ ತಂದಿದ್ದ ಹರಳೆಣ್ಣೆ ಹಚ್ಚಿ, ಬಿಸಿನೀರು ಹಾಕಿದಳು. ಪಕ್ಕದ ಮನೆಯ ಹೆಂಗಸರು ನೋಡಲು ಬಂದರು. ಅವರ ಮಲಯಾಳಕ್ಕೂ ಅವ್ವನ ಚೌಕಾಸಿ ಮಲಯಾಳಕ್ಕೂ ಚೆನ್ನಾಗಿ ಹೊಂದಿತು. ಸಂಜೆಯೊಳಗೆ ಅವರ ಮಕ್ಕಳೂ ಎಣ್ಣೆ ಹಚ್ಚಿಸಿಕೊಂಡು ಸಾಲಾಗಿ ಕೂತಿದ್ದರು.

ವಾರ ಕಳೆದು ಹೊರಡುವ ದಿನ ನಾನು ಚೀಲ ಕಟ್ಟಿದೆ. ಅವ್ವ ಕಟ್ಟಲಿಲ್ಲ.

"ಆ ದೋಣಿ ಹತ್ತಕ್ಕಿಲ್ಲ ನಾನು. ನೀ ಓಗು. ಮನೇಲಿ ಸೊಸೆ ಅವ್ಳೆ, ನಿಮ್ಮಪ್ಪಂಗೆ ಮುದ್ದೆ ಮಾಡಿಕ್ತಾಳೆ."

ತಂಗಿ ಕಡೆ ನೋಡಿದೆ. ಅವಳು ನಗು ತಡೆದುಕೊಳ್ಳಲು ಮಗುವಿನ ಟೋಪಿ ಸರಿಮಾಡುತ್ತಿದ್ದಳು. ನಾನೊಬ್ಬಳೇ ದೋಣಿ ಹತ್ತಿದೆ.