ಕುದುರೆ ತಿಕ್ಕುವ ಖಾದರ ಕಾಕಾ

ಕುದುರೆಯನ್ನು ಮುಟ್ಟುವ ಮುಂಚೆ ಖಾದರ ಕಾಕಾ ನಮ್ಮ ಅಂಗಳದ ನೀರೊಲೆಯ ಮುಂದೆ ಕುಳಿತು ಎರಡೂ ಅಂಗೈ ಕಾಯಿಸಿಕೊಳ್ಳುತ್ತಿದ್ದರು.

"ತಣ್ಣನ ಕೈ ಹಚ್ಚಿದ್ರ ಮೈ ಬಿಗಿ ಹಿಡಿತೈತಿ, ಮಗಳ. ನಿನ್ನ ಬೆನ್ನಿಗೆ ಯಾರರ ತಣ್ಣೀರ ಕೊಡ ಇಟ್ರ ಸುಮ್ನ ನಿಂದರ್ತೀಯೇನು?" ಎನ್ನುತ್ತಿದ್ದರು.

ನಿಜಾಮನ ಆಳ್ವಿಕೆಯ ಕೊನೆಯ ವರ್ಷಗಳವು. ನಮ್ಮವರು ಕೊಪ್ಪಳದಲ್ಲಿ ಟಾಂಗಾ ಹೊಡೆಯುತ್ತಿದ್ದರು. ವಾರಕ್ಕೊಮ್ಮೆ ಕಾಕಾ ಬಂದು ನಮ್ಮ ಕುದುರೆ ಗೌರಿಯ ಕುತ್ತಿಗೆಯಿಂದ ಬಾಲದವರೆಗೆ ಕುಸುಬಿ ಎಣ್ಣೆ ಹಚ್ಚಿ ತಿಕ್ಕುವರು. ಜೋರು ಎಂಬುದೇ ಇಲ್ಲ, ಹಸುಗೂಸಿಗೆ ಎರೆದಂತೆ. ತಿಕ್ಕುತ್ತ ತಿಕ್ಕುತ್ತ ಗೌರಿಯ ಕೆಳತುಟಿ ಜೋಲು ಬೀಳುವುದು, ಕಣ್ಣು ಅರ್ಧ ಮುಚ್ಚುವುದು, ಕೊನೆಗೊಂದು ಉದ್ದನೆಯ ಉಸಿರು. "ಹಾಂ, ಈಗ ಮಾತಾಡಿದ್ಲು ನೋಡು!" ಎನ್ನುವರು. ಆ ಉಸಿರು ಬರುವತನಕ ಅವರು ಎದ್ದು ಹೋದದ್ದಿಲ್ಲ.

ನಾನು ಮೊದಲೇ ಅಂಜುಬುರುಕಿ. ಒಮ್ಮೆ ಇರಕಲ್ಲಗಡದ ದಾರಿಯಲ್ಲಿ ಟಾಂಗಾ ಉರುಳಿ, ನಮ್ಮವರು ಮೊಣಕಾಲು ತರಚಿಕೊಂಡು ಪಾರಾದರು. ಅಷ್ಟಕ್ಕೇ ಹೋಯಿತಲ್ಲ, ದೇವರು ದೊಡ್ಡವನು. ಆದರೆ ಅಂದಿನಿಂದ ಅವರು ಹೊರಟರೆ ಸಾಕು, ನನ್ನ ಎದೆ ನಗಾರಿಯಾಗುತ್ತಿತ್ತು. ಮಠಕ್ಕೆ ಹೋಗಿ ವಿಭೂತಿ ತುಂಬಿದ ತಾಮ್ರದ ತಾಯಿತ ತಂದೆ. ಹೇಳಿದರೆ ಬೈಯುತ್ತಾರೆಂದು, ಗೌರಿಯ ಬೆನ್ನ ಮೇಲಿನ ಗಾದಿಯೊಳಗೆ ಗುಟ್ಟಾಗಿ ಇಟ್ಟು ಹೊಲಿದುಬಿಟ್ಟೆ.

ಐದೇ ದಿನದಲ್ಲಿ ಗೌರಿ ಮಲಗುವುದನ್ನೇ ಬಿಟ್ಟಳು. ಗಾದಿ ಕಂಡರೆ ಒದೆಯಲು ಬರುವಳು. ಒಂದು ಮುಂಜಾನೆ ಟಾಂಗಾಕ್ಕೆ ಕಟ್ಟಿದರೆ ಹೆಜ್ಜೆಯನ್ನೇ ಕೀಳಲಿಲ್ಲ. ನಮ್ಮವರು ಕುಡುಗೋಲನ್ನು ನೀರೊಲೆಯ ಕೆಂಡದಲ್ಲಿಟ್ಟರು.

"ಬೆನ್ನಿಗೆ ವಾಯು ಹಿಡದೈತಿ. ಬರಿ ಹಾಕಿದ್ರ ಇಳಿತೈತಿ."

ಆ ಕಾಲದಲ್ಲಿ ಎಲ್ಲರೂ ಮಾಡುತ್ತಿದ್ದುದೇ. ಆದರೆ ನಾನು ಎರಡು ಓಣಿ ದಾಟಿ ಓಡಿ ಕಾಕಾನನ್ನು ಕರೆತಂದೆ.

"ಕುಡಗೋಲ ಕಾಯೂತನಕ ಇವಳನ್ನ ನನಗ ಬಿಡಪಾ," ಅಂದರು.

"ಅದಾಗಲೇ ಕೆಂಪ ಆಗೈತಿ. ಲಗೂನ ಮುಗಸು."

ಕಾಕಾನ ಬೆರಳುಗಳು ಬೆನ್ನಗುಂಟ ಇಳಿದವು. ಒಂದು ಕಡೆ ಗೌರಿಯ ಚರ್ಮ ನಡುಗಿತು, ಹಲ್ಲು ಕಿಸಿದಳು. ಕಾಕಾ ಒತ್ತಲಿಲ್ಲ, ಅಂಗೈ ಅಲ್ಲೇ ಇಟ್ಟುಕೊಂಡು ಗಾದಿ ಬೇಡಿದರು. ತಡವಿ ನೋಡಿದರು. ಅದರ ಮೇಲಿದ್ದ ನನ್ನ ಸೀರೆಯ ನೀಲಿ ದಾರದ ಹೊಲಿಗೆ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಶಿವನೇ, ಇವತ್ತು ಈ ಮನೆಯಲ್ಲಿ ನನಗೆ ಕೊನೆ ಅಂದುಕೊಂಡೆ.

"ತಪ್ಪ ನಂದೈತಿ," ಎಂದರು ಕಾಕಾ. "ಹ್ವಾದ ತಿಂಗಳ ಗಾದಿಗೆ ಹತ್ತಿ ತುಂಬಿದಾವ ನಾನ. ಒಳಗ ಕಲ್ಲಿನ ಹರಳ ಉಳದೈತಿ."

ನಮ್ಮವರು ಕುಡುಗೋಲು ಬಿಸಾಕಿದರು. "ನನ್ನ ಕುದುರಿ ಬಾಳೇ ಹಾಳ ಮಾಡ್ತಿದ್ದೆಲ್ಲೋ ಮುದುಕಾ! ನಾಳಿಂದ ಈ ಅಂಗಳಕ್ಕ ಕಾಲಿಡಬ್ಯಾಡ!"

ನಾನು ಸೆರಗು ಕಚ್ಚಿಕೊಂಡು ನಿಂತೆ.

ಕಾಕಾ ನಮ್ಮವರಿಗೆ ಬೆನ್ನು ಮಾಡಿ ಗಾದಿ ಬಿಚ್ಚಿ ಹೊಲಿದರು. ಗೌರಿಯ ಉಸಿರು ಬರುವತನಕ ತಿಕ್ಕಿದರು. ಹೋಗುವಾಗ ತಾಯಿತವನ್ನು ನನ್ನ ಕೈಗೆ ಒತ್ತಿ ಮೆಲ್ಲಗೆ ಹೇಳಿದರು: "ದೇವರನ್ನ ಇವಳ ಬೆನ್ನಿಗೆ ಯಾಕ ಹೊರಸ್ತೀ ಮಗಳ? ಆತ ಮುಂದ ಕುಂತು ಲಗಾಮ ಹಿಡೀಲಿ."

ಬರೆ ಬೀಳಲಿಲ್ಲ, ಅದೊಂದು ಪುಣ್ಯ. ನಾಲ್ಕು ದಿನದಲ್ಲಿ ಗೌರಿ ಮಲಗಿದಳು, ಅದೂ ಒಂದು. ಕಾಕಾ ಮಾತ್ರ ಮತ್ತೆ ನಮ್ಮ ಅಂಗಳಕ್ಕೆ ಬರಲಿಲ್ಲ.

ಮೂರು ತಿಂಗಳ ಮೇಲೆ ಬಾವಿಯ ದಾರಿಯಲ್ಲಿ ಎದುರಾದರು. ಕೆನ್ನೆ ಒಳಗೆ ಹೋಗಿತ್ತು.

"ಗೌರಿ ಮಲಗ್ತಾಳೇನವಾ?"

"ಮಲಗ್ತಾಳ್ರಿ ಕಾಕಾ."

"ಹಂಗಾರ ಸಾಕು."

ಅಂದು ಸಂಜೆ ರೊಟ್ಟಿ ಬಡಿಸಿ, ನಮ್ಮವರಿಗೆ ಎಲ್ಲ ಹೇಳಿದೆ. ಅವರು ಹೊಡೆಯಲಿಲ್ಲ, ಬೈಯಲೂ ಇಲ್ಲ. ಬೆಳಗ್ಗೆ ರುಮಾಲು ಸುತ್ತಿಕೊಂಡು ಕಾಕಾನ ಮನೆಗೆ ಹೋದರು, ಹೋದ ಹೆಜ್ಜೆಯಲ್ಲೇ ತಿರುಗಿ ಬಂದರು.

"ಕೀಲಿ ಹಾಕೈತಿ. ನಸುಕಿನ್ಯಾಗ ಮಗಳ ಊರಿಗೆ ಹ್ವಾದ್ರಂತ. ಯಾವ ಊರು, ಯಾರಿಗೂ ಗೊತ್ತಿಲ್ಲ."

ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ಅವರು ಗೌರಿಯ ಪಕ್ಕ ಬಹಳ ಹೊತ್ತು ನಿಂತಿದ್ದರು. ನಾನು ಹೊಸ್ತಿಲು ದಾಟಲಿಲ್ಲ.