ಎರಡನೇ ಸಲದ ಉತ್ತರ

ಮಹಾಯುದ್ಧದ ದಿನಗಳು. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಕಾಗದ ತುಟ್ಟಿಯಾಗಿತ್ತು. ಆದರೂ ಗೋಕಾಕದಿಂದ ನಮ್ಮ ಹುಕ್ಕೇರಿ ಶಾಲೆಗೆ ಹೊಸದಾಗಿ ಬಂದಿದ್ದ ಮಾಸ್ತರರು ಒಂದು ದಿನ ನಮಗೆಲ್ಲ ಒಂದೊಂದು ಹಾಳೆ ಕೊಟ್ಟರು. ಹರೆಯಕ್ಕೆ ಬರುತ್ತಿರುವ ಮಕ್ಕಳ ಮನಸ್ಸು ಸರಿಯಿದೆಯೇ ಎಂದು ತಿಳಿಯಲು ವಿಲಾಯತಿಯಲ್ಲಿ ಮಾಡಿದ ಪ್ರಶ್ನೆಗಳಿವೆ, ನಾನೇ ಅವನ್ನು ಕನ್ನಡಕ್ಕೆ ತಂದಿದ್ದೇನೆ ಎಂದರು. ಅವರು ಓದುವುದು, ನಾವು ಹೌದು ಅಥವಾ ಇಲ್ಲ ಎಂದು ಬರೆಯುವುದು.

ರಾತ್ರಿ ನಿದ್ದೆ ಕೆಡುತ್ತದೆಯೇ? ಇಲ್ಲ. ಕಾರಣವಿಲ್ಲದೆ ಅಳು ಬರುತ್ತದೆಯೇ? ಇಲ್ಲ. ಎದುರಿಗೆ ಯಾರೂ ಇಲ್ಲದಾಗ ಮಾತಾಡುತ್ತೀಯಾ? ಇದಕ್ಕೆ ವಿಚಾರ ಮಾಡದೆ ಹೌದು ಎಂದು ಬರೆದೆ. ದಿನಾ ಬೆಳಿಗ್ಗೆ ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆ ಮಾಡುವಾಗ, ಮಂತ್ರ ಮುಗಿದ ಮೇಲೂ ನಾನು ಲಿಂಗದ ಜೊತೆ ಮಾತಾಡುತ್ತಿದ್ದೆ. ತಲೆಗೆ ಹತ್ತದ ಲೆಕ್ಕ, ಅಪ್ಪನ ಕೆಮ್ಮು, ಎಲ್ಲ ಹೇಳುತ್ತಿದ್ದೆ. ಅಜ್ಜಿ ಹಾಗೇ ಕಲಿಸಿದ್ದಳು.

ಪಕ್ಕದಲ್ಲಿ ಕೂತಿದ್ದ ಅರಿವೆ ಅಂಗಡಿಯವರ ಹುಡುಗ ನನ್ನ ಹಾಳೆಯಲ್ಲಿ ಇಣುಕಿದ.

"ಹೌದು ಅಂತ ಬರದ್ಯಾ? ಆತು ಬಿಡು. ಧಾರವಾಡಕ್ಕ ಹೋಗಾಕ ಗಂಟು ಕಟ್ಟು."

ಧಾರವಾಡ ಅಂದರೆ ಹುಚ್ಚರ ಆಸ್ಪತ್ರೆ. ನಮ್ಮ ಕಡೆ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ.

"ಸುಮ್ನಿರಲೇ."

"ನಾ ಸುಮ್ನಿರತೇನಿ. ಮೂಡಲಗಿ ಬೀಗರು ಸುಮ್ನಿರತಾರೇನು?"

ಅಕ್ಕನಿಗೆ ಮೂಡಲಗಿಯ ಒಂದು ಮನೆಯಿಂದ ಸಂಬಂಧ ಬಂದಿತ್ತು, ನಿಶ್ಚಯ ಇನ್ನೂ ಆಗಿರಲಿಲ್ಲ. ಮನೆಯಲ್ಲಿ ಹುಚ್ಚಿದೆ ಎಂಬ ಮಾತಿಗೇ ಮುರಿದ ಸಂಬಂಧವೊಂದನ್ನು ನಮ್ಮ ಓಣಿಯಲ್ಲೇ ಕಂಡಿದ್ದೆ.

ಹಾಳೆ ಕೂಡಿಸಿಕೊಂಡ ಮಾಸ್ತರರು, ಮುಂದಿನ ತಿಂಗಳು ಇವೇ ಪ್ರಶ್ನೆಗಳನ್ನು ಮತ್ತೆ ಕೇಳುತ್ತೇನೆ ಎಂದರು. ಯಾಕೆ ಎಂದು ಹೇಳಲಿಲ್ಲ. ಸಂಶಯ ಬಂದವರನ್ನು ಹಿಡಿಯಲಿಕ್ಕೇ ಎಂದು ನಾನು ತಿಳಿದೆ.

ಮರುದಿನದಿಂದ ಲಿಂಗದ ಮುಂದೆ ಬಾಯಿ ಬಿಡಲಿಲ್ಲ. ಮಂತ್ರವನ್ನೂ ಮನಸ್ಸಿನಲ್ಲೇ ಹೇಳಿ ಮುಗಿಸುತ್ತಿದ್ದೆ. "ಪೂಜಾ ಇಷ್ಟ ಲಗೂ ಆತೇನಪಾ?" ಎಂದು ಅವ್ವ ಕೇಳಿದರೆ, "ಸಾಲಿ ಅಭ್ಯಾಸ ಐತಿ" ಎನ್ನುತ್ತಿದ್ದೆ. ಮೂಡಲಗಿಯವರು ಹೆಣ್ಣು ನೋಡಲು ಬಂದ ದಿನ ಒಳಗಿನ ಕೋಣೆಯಲ್ಲಿ ಕೂತು, ಹೊರಗೆ ಯಾರ ಬಾಯಲ್ಲಾದರೂ ಧಾರವಾಡ ಬರುತ್ತದೆಯೇ ಎಂದು ಕಿವಿಗೊಟ್ಟೆ. ಅವರು ಮಳೆಯ ಮಾತಾಡಿದರು, ಜೋಳದ ಮಾತಾಡಿದರು. ಅವ್ವ ಕೊಟ್ಟ ಹೋಳಿಗೆಯನ್ನು ತಟ್ಟೆಯಲ್ಲೇ ಬಿಟ್ಟೆ.

ಎರಡನೇ ಸಲ ಆ ಪ್ರಶ್ನೆಗೆ ಇಲ್ಲ ಎಂದು ಬರೆದೆ. ಸುಳ್ಳಲ್ಲ. ನಿದ್ದೆ ಕೆಡುತ್ತದೆ, ಅಳು ಬರುತ್ತದೆ ಎಂದು ಬರೆದದ್ದೂ ಸುಳ್ಳಲ್ಲ.

ಶಾಲೆ ಬಿಟ್ಟ ಮೇಲೆ ಮಾಸ್ತರರು ಕರೆದರು. ನನ್ನ ಎರಡೂ ಹಾಳೆ, ಪಕ್ಕದಲ್ಲಿ ಅವರ ಪ್ರಶ್ನೆಗಳ ಪಟ್ಟಿ ಮೇಜಿನ ಮೇಲಿದ್ದವು.

"ಯಾವುದು ಖರೆ?"

"ಎರಡೂ ಖರೆರಿ ಸರ್."

ನಾನು ಎಲ್ಲ ಹೇಳಿದೆ. ಕೊನೆಗೆ, "ಮೂಡಲಗಿಯವರಿಗೆ ಗೊತ್ತಾಗ್ತೈತೇನ್ರಿ?" ಎಂದೆ.

"ಯಾರಿಗೂ ಗೊತ್ತಾಗೂದಿಲ್ಲ. ನಾ ನಿಮ್ಮ ಪರೀಕ್ಷಾ ಮಾಡಿಲ್ಲಪಾ, ಈ ಪ್ರಶ್ನಿಗೋಳದು ಮಾಡಾಕತ್ತಿದ್ದೆ. ಎರಡು ಸಲ ಕೇಳಿದ್ರ ಅದ ಉತ್ತರ ಬರ್ತೈತೋ ಇಲ್ಲೋ ನೋಡಬೇಕಾಗಿತ್ತು."

"ಮೊದಲ ಹೇಳಬೇಕಾಗಿತ್ರಿ."

"ಹೌದು," ಎಂದು ಅವರು ಪಟ್ಟಿಯಲ್ಲಿ ಮಾತಾಡುವ ಪ್ರಶ್ನೆಯನ್ನು ಹೊಡೆದು ಹಾಕಿದರು. "ಲಿಂಗಪೂಜಾ ನನ್ನ ತಲಿಗೆ ಹೊಳಿಲೇ ಇಲ್ಲ." ನಿದ್ದೆಯ ಪ್ರಶ್ನೆಯ ಮೇಲೆ ಬೆರಳಿಟ್ಟರು. "ಮತ್ತ ಇದು?"

"ಅದು ನೀವು ಕೇಳಿದ ಮ್ಯಾಲೆ ಬಂದದ್ದುರಿ."

ಅವರು ಎರಡೂ ಹಾಳೆ ಹರಿದು ಚೂರುಗಳನ್ನು ನನ್ನ ಕೈಗೇ ಕೊಟ್ಟರು. ಅಕ್ಕನ ನಿಶ್ಚಯ ಮುಂದಿನ ವಾರ ನಡೆಯಿತು.

ನಿಶ್ಚಯದ ಮರುದಿನ ಬೆಳಿಗ್ಗೆ ಲಿಂಗವನ್ನು ಅಂಗೈಗೆ ತೆಗೆದುಕೊಂಡೆ. ಹೇಳುವುದು ತಿಂಗಳಿಡೀ ಕೂಡಿಬಿದ್ದಿತ್ತು. ಬಾಯಿ ತೆರೆಯುವ ಮೊದಲು, ಯಾರಾದರೂ ಇದ್ದಾರೆಯೇ ಎಂದು ಬಾಗಿಲ ಕಡೆ ನೋಡಿದೆ. ಯಾರೂ ಇರಲಿಲ್ಲ. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದು ಕೂತೆ. ಹಿಂದೆಂದೂ ಹಾಗೆ ಮಾಡಿರಲಿಲ್ಲ.