ತುಂಬಿದ ಕುಣಿಯ ಮೇಲೆ

ಹೊಸ ಜಾಗದಲ್ಲಿ ಮಂಚ ಹಾಕುವ ಮೊದಲು ಊರುಗೋಲಿನ ತುದಿಯಿಂದ ನೆಲವನ್ನು ಒಮ್ಮೆ ಕುಟ್ಟಿ ನೋಡುವ ಚಟ ನನಗೆ ಮೊದಲಿನಿಂದಲೂ ಉಂಟು. ಹುಟ್ಟಾ ಗಟ್ಟಿ ನೆಲವಾದರೆ ಕೋಲು ‘ಟಕ್’ ಎಂದು ಚುಟುಕಾಗಿ ಉತ್ತರ ಕೊಡುತ್ತದೆ. ಎಂದೋ ಅಗೆದು ತುಂಬಿದ ನೆಲವಾದರೆ ‘ಧಪ್’ ಎಂದು, ಹೇಳಬೇಕಾದ ಮಾತನ್ನು ನುಂಗಿಕೊಂಡವರ ಹಾಗೆ, ಗಂಟಲೊಳಗೇ ಗೊಣಗುತ್ತದೆ. ಧಪ್ ಎಂದಲ್ಲಿ ನಾನು ಮಲಗುವುದಿಲ್ಲ. ಮುದುಕಿಯ ಹತ್ತು ಹಟಗಳಲ್ಲಿ ಇದೂ ಒಂದೆಂದು ಮನೆಯವರು ನಕ್ಕು ಬಿಟ್ಟಿದ್ದಾರೆ. ಆದರೆ ಈ ವಾರ ಅವರ ನಗು ತುಸು ತೆಳ್ಳಗಾಗಿದೆ. ಯಾಕೆಂದರೆ ಈ ಸಲ ನಾನು ಕುಟ್ಟಿ ನೋಡಿ ಸುಮ್ಮನಾಗದೆ, ಚಿಕ್ಕ ಹುಡುಗಿಯ ಹಾಗೆ ಹಟ ಹಿಡಿದು, ನೆಲವನ್ನು ಮುಟ್ಟಲೇಬಾರದೆಂದು ಕೂತಿದ್ದೇನೆ.

ಸಂಗತಿ ಇಷ್ಟೇ. ರೋಣದ ಈ ಮನೆಯಲ್ಲಿ ಮೊಮ್ಮಗ ಈರಣ್ಣನ ಹೆಂಡತಿ ಗಂಗಾ ಈಗ ತುಂಬಿದ ಬಸುರಿ. ಮೊದಲಿನ ಮಕ್ಕಳು ಆಗಲೇ ಪಡಸಾಲೆಯ ತುಂಬ ಉರುಳಾಡುತ್ತಿವೆ. ಅವುಗಳ ನಡುವೆ ಅವಳ ಹೊಲಿಗೆಯ ಮಷೀನು, ಅದರ ಸುತ್ತ ಓಣಿಯ ಹೆಂಗಸರ ಕುಬಸದ ಅರಿವೆಗಳ ಗುಡ್ಡೆ. ನನ್ನ ಕೋಣೆಯ ನಡುವೆ ಹಲಗೆಯದೊಂದು ಪಾರ್ಟಿಶನ್ ಹಾಕಿದರೆ ಆಚೆ ಮಷೀನು, ತೊಟ್ಟಿಲು. ಈಚೆ ನಾನು, ನನ್ನ ಮಂಚ, ನನ್ನ ಟ್ರಂಕು. ನ್ಯಾಯವಾದ ಏರ್ಪಾಡು. ಜಾಗ ಬಿಡುವುದಕ್ಕೆ ನನ್ನ ತಕರಾರಿಲ್ಲ. ಆದರೆ ಹಲಗೆ ನಿಲ್ಲಲು ಎರಡು ಕಂಬ ಬೇಕು, ಕಂಬ ನಿಲ್ಲಲು ನೆಲ ಅಗೆಯಬೇಕು. “ನೋ” ಎಂದೆ ನಾನು. ಬಡಗಿ ಎರಡು ಸಲ ಬಂದು, ಎರಡು ಸಲವೂ ನೆಲ ಅಗೆಯುವ ಕಬ್ಬಿಣದ ಹಾರಿಯನ್ನು ಹೆಗಲಿಗೇರಿಸಿಕೊಂಡು ಹೋದ.

“ಅಜ್ಜಿ, ನಮ್ಮ ಮ್ಯಾಲೆ ಸಿಟ್ಟೇನ್ರಿ?” ಎಂದು ಕೇಳಿದಳು ಗಂಗಾ, ಸೂಜಿಗೆ ದಾರ ಪೋಣಿಸುತ್ತ, ಮುಖ ಎತ್ತದೆ.

ಸಿಟ್ಟಲ್ಲ ಮಗಳೇ, ಅಂಜಿಕೆ. ಅವಳಿಗೆ ಹೇಳಲಾರದ್ದನ್ನು ನಿಮಗೆ ಹೇಳುತ್ತೇನೆ; ಓದುವವರು ಅಪರಿಚಿತರಾದರೂ ಒಂದು ಅನುಕೂಲವಿದೆ ನೋಡಿ, ಮುಖ ಕಾಣುವುದಿಲ್ಲ.

ನಾನು ಹುಟ್ಟಿದ್ದು ಗಜೇಂದ್ರಗಡದ ಗುಡ್ಡದ ಬುಡಕ್ಕೆ, ನೇಕಾರರ ಓಣಿಯಲ್ಲಿ. ಎರಡೇ ಅಂಕಣದ ಮನೆ. ಹಿಂದಿನದರಲ್ಲಿ ಒಲೆ, ಬಚ್ಚಲು, ದೇವರು, ಜೋಳ ತುಂಬಿಡುವ ಗುಂಬಿ, ಮುಂದಿನದರಲ್ಲಿ ಮಗ್ಗ. ಮಗ್ಗ ಎಂದರೆ ಕುಣಿಮಗ್ಗ: ನೆಲದಲ್ಲಿ ತೊಡೆಯೆತ್ತರದ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು, ಕೆಳಗೆ ತುಳಿಯುತ್ತ ಮೇಲೆ ಲಾಳಿ ಓಡಿಸುವುದು. ಮಾಳಿಗೆಯ ನಟ್ಟನಡುವೆ ಬಿಟ್ಟಿದ್ದ ಬೆಳಕಿಂಡಿಯ ಬಿಸಿಲು ನೂಲಿನ ಮೇಲೆ ನೇರ ಬೀಳಲೆಂದು ಕುಣಿಯೂ ಕೋಣೆಯ ನಟ್ಟನಡುವೆಯೇ ಇತ್ತು. ಹಾಗಾಗಿ ನಾವು ಮಗ್ಗವಿದ್ದ ಮನೆಯಲ್ಲಿ ಇರಲಿಲ್ಲ, ಮನೆ ಹೊದ್ದ ಮಗ್ಗದಲ್ಲಿ ಇದ್ದೆವು. ಹಗಲು ಅಪ್ಪನ ಕಾಲು ಇದ್ದ ಕುಣಿಗೆ ಸಂಜೆ ಹಲಗೆ ಮುಚ್ಚಿದರೆ ಅದೇ ನಮ್ಮ ಹಾಸಿಗೆ. ಮುಂದೆ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ‘ಪ್ರೈವಸಿ’ ಎಂಬ ಶಬ್ದ ಕಲಿಸಿದಾಗ ಅದಕ್ಕೊಂದು ಕನ್ನಡ ಹುಡುಕಿ ಹುಡುಕಿ ಸೋತೆ; ನಮ್ಮ ಮನೆಯಲ್ಲಿ ಆ ಪದಾರ್ಥವನ್ನು ಇಡಲು ಜಾಗವಿದ್ದರಲ್ಲವೆ ಅದಕ್ಕೊಂದು ಹೆಸರಿರುವುದು!

ಅವ್ವ ಮತ್ತೆ ಬಸುರಾದಳು. ಎದುರು ಮನೆಯ ಶಿವಕ್ಕ ಕಟ್ಟೆಯ ಮೇಲೆ ಕೂತು ಚುಚ್ಚುತ್ತಿದ್ದಳು: “ಏನವಾ, ಈ ಕೂಸಿನ್ನ ಎಲ್ಲಿ ಮಲಗಸ್ತೀರಿ? ಲಾಳಿಯೊಳಗ ಇಟ್ಟು ಅತ್ತಿಂದಿತ್ತ ಓಡಿಸಿದ್ರ ತೊಟ್ಟಿಲಾ ತೂಗೂ ಕೆಲಸಾನೂ ಉಳೀತೈತಿ!” ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಮರುದಿನ ಅವನು ಮಗ್ಗ ಬಿಚ್ಚಿದ. ಬಾಗಿಲ ಪಕ್ಕದ ಮೂಲೆಯಲ್ಲಿ ಹೊಸ ಕುಣಿ ತೋಡಿ, ಹಳೆಯದನ್ನು ತುಂಬಿಬಿಟ್ಟ. ಬೆಳಕಿಂಡಿಯ ಬೆಳಕನ್ನು ಹುಟ್ಟುವ ಕೂಸಿಗೆ ಬಿಟ್ಟುಕೊಟ್ಟು, ತಾನು ಬಾಗಿಲ ಸಂದಿನ ಬೆಳಕಿಗೆ ಕಣ್ಣು ಕಿರಿದು ಮಾಡಿ ಕೂತ. ಇದನ್ನು ಅವನೂ ಹೇಳಲಿಲ್ಲ, ನಮಗೂ ಆಗ ತಿಳಿಯಲಿಲ್ಲ.

ತುಂಬಿದ ಮಣ್ಣನ್ನು ನಾವು ಮಕ್ಕಳು ಕುಣಿದು ಕುಣಿದು ತುಳಿದೆವು. ನನ್ನ ಬಾಲ್ಯದ ಏಕೈಕ ಡ್ಯಾನ್ಸ್ ಅದು. ಆದರೆ ತುಂಬಿದ ಮಣ್ಣು ಹಠಮಾರಿ, ದಿನ ಬೆಳಗಾದರೆ ಒಂದಿಷ್ಟು ಕುಸಿಯುತ್ತದೆ. ಆಯಿ, ಎಂದರೆ ಅಪ್ಪನ ತಾಯಿ, ದಿನವೂ ಒಂದು ಬುಟ್ಟಿ ಮಣ್ಣು ಹಾಕಿ, ಸೆಗಣಿಯಿಂದ ಸಾರಿಸಿ ಒಪ್ಪ ಮಾಡುತ್ತಿದ್ದಳು. ಹೀಗಾಗಿ ಇಡೀ ನೆಲ ಹಳೆಯ ಕಂಬಳಿಯ ಬಣ್ಣಕ್ಕಿದ್ದರೆ, ನಡುವೆ ಒಂದಾಳುದ್ದದ ಜಾಗ ಮಾತ್ರ ಹಸಿ ಹಸಿಯಾಗಿ ಹೊಳೆಯುತ್ತಿತ್ತು. ನಮ್ಮ ಮನೆಯ ಚೊಕ್ಕತನವೇ ನಮಗೆ ಮುಳುವಾಗುತ್ತದೆಂದು ಯಾರಿಗೆ ಗೊತ್ತಿತ್ತು?

ಅದು ಕಂಪನಿ ಸರಕಾರದ ವಿರುದ್ಧ ನರಗುಂದದಲ್ಲಿ ದಂಗೆ ಎದ್ದ ವರ್ಷ. ಹತ್ಯಾರಗಳನ್ನೆಲ್ಲ ಸರಕಾರಕ್ಕೆ ಒಪ್ಪಿಸಬೇಕೆಂದು ಅದಕ್ಕೂ ಮೊದಲೇ ಡಂಗುರ ಹೊಡೆದಿದ್ದರು. ಗುಡ್ಡದ ಮೇಲಿನ ಕೋಟೆಯಲ್ಲಿ ಕಾವಲಿಗಿದ್ದ ನಮ್ಮ ಮುತ್ತಜ್ಜನ ಕತ್ತಿಯೊಂದು ದೇವರ ಮಾಡದ ಪಕ್ಕ ಜೋತುಬಿದ್ದಿತ್ತು. ಅದನ್ನು ಒಯ್ದು ಕೊಟ್ಟು ಬಂದೆನೆಂದು ಆಯಿ ಹೇಳಿದಳು. ಹೇಳುವಾಗ ಅವಳ ಕಣ್ಣು ಕೆಂಪಗಿತ್ತು. ಮುಂದೆ ನರಗುಂದದ ಕೋಟೆ ಬಿತ್ತೆಂದು ನರೇಗಲ್ಲಿನ ಸಂತೆಗೆ ಹೋಗಿ ಬಂದವರು ಪಿಸುಗುಟ್ಟಿದರು. ಅಡಗಿದ ಜನರನ್ನೂ ಹೂಳಿಟ್ಟ ಕತ್ತಿಗಳನ್ನೂ ಹುಡುಕುತ್ತ ದಂಡು ಊರೂರು ತಿರುಗುತ್ತಿದೆ ಎಂದರು. ಮೇಲೋಣಿಯ ಒಂದು ಮನೆಯ ಗೋಡೆಯಲ್ಲಿ ತುಕ್ಕು ಹಿಡಿದದ್ದೊಂದು ಸಿಕ್ಕಿತು. ಆ ಮನೆಯ ಯಜಮಾನನ ಕೈಗೆ ಹಗ್ಗ ಬಿಗಿದು ಕರೆದೊಯ್ದದ್ದನ್ನು ನಾನೇ ಬಾಗಿಲ ಮರೆಯಿಂದ ನೋಡಿದೆ. ಆತ ತಿರುಗಿ ಬರಲಿಲ್ಲ. ಅಂದಿನಿಂದ ಓಣಿಯ ಮಗ್ಗಗಳ ಸಪ್ಪಳವೇ ಬದಲಾಯಿತು. ಒಂದು ಲಾಳಿ ಓಡಿಸಿ, ತಡೆದು, ಹೊರಗಿನ ಹೆಜ್ಜೆ ಆಲಿಸಿ, ಮತ್ತೊಂದು ಓಡಿಸುವುದು. ಊರಿಗೆ ಊರೇ ಉಸಿರು ಹಿಡಿದು ನೇಯುತ್ತಿತ್ತು.

ಅಂಥದರಲ್ಲೇ ಅವ್ವ ಹಡೆದಳು. ಗಂಡು ಕೂಸು. ಬಾಣಂತಿಯ ಹಗ್ಗದ ಹೊರಸನ್ನು ತುಂಬಿದ ಕುಣಿಯ ಮೇಲೆಯೇ ಹಾಕಿದರು. ಆ ಜಾಗ ಮಾಡಿದ್ದೇ ಅದಕ್ಕಲ್ಲವೆ? ದಂಡಿನವರು ಬಂದದ್ದು ಅದರ ಮೂರನೆಯ ದಿನವೋ ನಾಲ್ಕನೆಯ ದಿನವೋ, ಹಾಡಹಗಲು. ಬಾಗಿಲಿಗೆ ಮುಖ ಮಾಡಿ ಕೂತಿದ್ದ ಅಪ್ಪನೇ ಮೊದಲು ಕಂಡ. ಲಾಳಿ ಅವನ ಕೈಯಲ್ಲೇ ನಿಂತಿತು.

ಒಬ್ಬ ಜಮಾದಾರ, ಇಬ್ಬರು ಶಿಪಾಯಿಗಳು, ಅವರ ಮಾತು ತಿಳಿಸಿ ಹೇಳಲು ನಮ್ಮೂರ ಚಾವಡಿಯ ಆಳು ವಾಲೀಕಾರ. ನಾಲ್ವರು ಒಳಗೆ ಬಂದದ್ದೇ ತಡ, ಮನೆಯಲ್ಲಿ ಗಾಳಿಗೂ ಜಾಗ ಉಳಿಯಲಿಲ್ಲ. ಜಮಾದಾರ ಗೋಡೆ ನೋಡಲಿಲ್ಲ, ಗುಂಬಿ ನೋಡಲಿಲ್ಲ. ಹೊರಸಿನ ಕೆಳಗಿನ ಹಸಿ ನೆಲ ನೋಡಿದ. ಕೈಯಲ್ಲಿದ್ದ ಹಾರಿಯಿಂದ ಒಮ್ಮೆ ಕುಟ್ಟಿದ. ಧಪ್.

“ಇಲ್ಲೇನೈತಿ ಅಂತ ಕೇಳ್ತಾರ,” ಎಂದ ವಾಲೀಕಾರ.

“ಮಗ್ಗದ ಹಳೇ ಕುಣಿರಿ. ತುಂಬಿಸೀನ್ರಿ.”

“ಚಲೋ ಇದ್ದ ಕುಣಿ ಯಾವ ನೇಕಾರ ತುಂಬಸ್ತಾನ ಅಂತಾರ.”

“ಜಾಗಕ್ರಿ... ಕೂಸಿಗೆ ಜಾಗಾ ಬೇಕಿತ್ರಿ.”

ಜಮಾದಾರ ಕೂಸನ್ನು ನೋಡಿದ. ಮೊಳದುದ್ದದ ಕೂಸು. ಆಳುದ್ದದ ಹಸಿ ನೆಲ. ಅವನು ನಕ್ಕ, ಆ ನಗುವನ್ನು ಯಾರೂ ತಿಳಿಸಿ ಹೇಳಬೇಕಾಗಲಿಲ್ಲ.

ಬಾಣಂತಿಯನ್ನು ಎಬ್ಬಿಸಬೇಡಿರೆಂದು ಆಯಿ ಗೋಗರೆಯುವಷ್ಟರಲ್ಲಿ ಅವ್ವ ತಾನೇ ಎದ್ದಳು. ಎದ್ದು ಎಲ್ಲಿಗೆ ಹೋಗುವುದು? ಒಳಂಕಣದ ದಾರಿಗೆ ಒಬ್ಬ ಶಿಪಾಯಿ, ಹೊರಬಾಗಿಲಿಗೆ ಇನ್ನೊಬ್ಬ. ಅವ್ವ ಒಂದು ಗಳಿಗೆ ಅತ್ತಿತ್ತ ನೋಡಿ, ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ಅಪ್ಪ ಎದ್ದು ನಿಂತಿದ್ದರಿಂದ ಬರಿದಾಗಿದ್ದ ಹೊಸ ಕುಣಿಯೊಳಗೆ ಇಳಿದು ಕೂತುಬಿಟ್ಟಳು. ಹಾಸಿನ ನೂಲುಗಳ ಹಿಂದೆ ಅವಳ ತಲೆ ಮಾತ್ರ ಕಾಣುತ್ತಿತ್ತು. ನನಗೆ ಆ ಕ್ಷಣ ಅವಳನ್ನು ಹೂಳುತ್ತಿದ್ದಾರೆ ಎನ್ನಿಸಿತು. ಎಪ್ಪತ್ತರ ಗಡಿ ಬಂದರೂ, ಇಂಗ್ಲಿಷ್ ಬಂದರೂ, ಈ ಸಾಲನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ.

ಅಗೆದರು. ಸಡಿಲು ಮಣ್ಣು, ಸಲೀಸಾಗಿ ಬಂತು. ಮೊಣಕಾಲಷ್ಟು ಆಳಕ್ಕೆ ಹೋದಾಗ ಹಾರಿ ಯಾವುದಕ್ಕೋ ತಾಗಿ ‘ಠಣ್’ ಎಂದಿತು.

ಅಪ್ಪನ ಮುಖ ಈಗಲೂ ನನ್ನ ಕಣ್ಣ ಮುಂದಿದೆ. ಕುಣಿಯಲ್ಲಿ ಏನೂ ಇಲ್ಲವೆಂದು ಅವನಿಗೆ ಗೊತ್ತಿತ್ತು, ಅವನೇ ತುಂಬಿದ್ದು. ಹಾಗಿದ್ದರೆ ಏನದು? ಅವನು ಮೆಲ್ಲನೆ ಆಯಿಯ ಕಡೆ ತಿರುಗಿದ. ದಿನಾಲೂ ಅಲ್ಲಿ ಮಣ್ಣು ಹಾಕುತ್ತಿದ್ದವಳು, ಸಾರಿಸುತ್ತಿದ್ದವಳು, ಕತ್ತಿ ಕೊಟ್ಟು ಬಂದೆನೆಂದು ಕಣ್ಣು ಕೆಂಪು ಮಾಡಿಕೊಂಡವಳು ಅವಳೇ. ತಾಯಿ ಸುಳ್ಳು ಹೇಳಿದ್ದಾಳೆಂದು ಮಗ ನಂಬಿದ ಗಳಿಗೆ ಅದು. ನಂಬಿದವನೇ ಜಮಾದಾರನ ಮುಂದೆ ಎರಡೂ ಕೈ ಜೋಡಿಸಿ, ಹಗ್ಗಕ್ಕೆ ಅನುಕೂಲವಾಗುವ ಹಾಗೆ ಮುಂದೆ ಚಾಚಿ, ಹೇಳಿದ:

“ನಂದ್ರಿ. ನಾನ ಇಟ್ಟೀನ್ರಿ. ನಮ್ಮವ್ವಗೇನೂ ಗೊತ್ತಿಲ್ರಿ.”

ವಾಲೀಕಾರ ಅದನ್ನು ಹೇಳಲೋ ಬೇಡವೋ ಎಂದು ಬಾಯಿ ತೆರೆದು ನಿಂತ. ಆಗ ಆಯಿ ಮಾತಾಡಿದಳು. ಅವಳ ದನಿ ಸಂತೆಯಲ್ಲಿ ಚೌಕಾಶಿ ಮಾಡುವಾಗಿನ ದನಿ.

“ನೀ ಇಟ್ಟೀಯೇನಲೇ? ನಿನ್ನ ಬಾಯಾಗ ಮಣ್ಣು ಬೀಳ್ಲಿ, ಕೂಸಿನ್ನ ನೀ ಹಡದೀಯೇನ?” ಎಂದವಳು ತಗ್ಗಿನ ಅಂಚಿಗೆ ಬಂದು ಕುಕ್ಕರಿಸಿದಳು. “ಯಪ್ಪಾ ಜಮಾದಾರ, ನಿಲ್ಲಬ್ಯಾಡ. ಇನ್ನಷ್ಟ ಅಗಿ. ಕೈ ಹಾಕಿ ತಗಿ. ಕೂಸಿನ ಹಿಂದ ಬಂದ ಮಾಸಿನ ಗಡಿಗಿ ಐತಿ. ಹಿತ್ತಲಾ ಇದ್ದವ್ರು ಹಿತ್ತಲದಾಗ ಹುಗೀತಾರ. ನಮಗ ಹಿತ್ತಲಾ ಎಲ್ಲೈತಿ? ಸಡ್ಲ ಮಣ್ಣು ಇಲ್ಲೇ ಇತ್ತು, ಇಲ್ಲೇ ಹುಗಿದೆ. ಅಗಿ, ಇನ್ನಷ್ಟ ಅಗಿ. ನಿಮ್ಮವ್ವ ನಿನ್ನ ಹಡದಾಗೂ ಹಿಂಗ ಒಂದು ಗಡಿಗಿ ಹುಗಿದಿರಬೇಕು. ಹೋಗಿ ಅದನ್ನೂ ತಗಸು.”

ಹೆಂಗಸರು ಹೆಂಗಸರಲ್ಲೇ ಮುಗಿಸುವ ಕೆಲಸ ಅದು. ಗಡಿಗೆಯನ್ನು ಎಲ್ಲಿ ಹುಗಿದರೆಂದು ಯಾವ ಗಂಡಸೂ ಕೇಳುವುದಿಲ್ಲ, ಯಾವ ಹೆಂಗಸೂ ಹೇಳುವುದಿಲ್ಲ. ವಾಲೀಕಾರ ನಾಚಿ ನೆಲ ನೋಡುತ್ತ ಎರಡೇ ಮಾತಿನಲ್ಲಿ ತಿಳಿಸಿದ. ಶಿಪಾಯಿ ಮಣ್ಣು ಸರಿಸಿದ. ಒಡೆದ ಬಾಯಿಯ ಗಡಿಗೆ, ಅದಕ್ಕೆ ಕಟ್ಟಿದ ಅರಿವೆ, ಅರಿವೆಯ ಮೇಲೆ ಕಪ್ಪು ಕಲೆ. ಜಮಾದಾರ ಹಾರಿಯನ್ನು ಕೈಸುಟ್ಟವನ ಹಾಗೆ ಬಿಟ್ಟ. ಅಪ್ಪನ ಚಾಚಿದ ಕೈಗಳನ್ನೊಮ್ಮೆ ನೋಡಿ ಏನೋ ಕೇಳಿದ. “ಇಂವಾ ಅಂಜಬುರುಕ ಅದಾನ್ರಿ ಸಾಹೇಬ್ರ,” ಎಂದ ವಾಲೀಕಾರ ಕನ್ನಡದಲ್ಲೇ, ಅವಸರದಲ್ಲಿ ಭಾಷೆ ಮರೆತು. ಅವರು ಹೊರಟುಹೋದರು. ಅವ್ವ ಕುಣಿಯಿಂದ ಏಳಲೇ ಇಲ್ಲ. ಅಪ್ಪನೇ ಎತ್ತಿ ತಂದ.

ಇಲ್ಲಿಗೆ ಕತೆ ಮುಗಿಯಿತೆಂದು ನೀವು ನಿಟ್ಟುಸಿರು ಬಿಡಬಹುದು, ನಮಗೆ ಮುಗಿಯಲಿಲ್ಲ. ಹೊರಗಿನವರು ಹೋದರು, ಅಂಜಿಕೆ ಹೋಗಲಿಲ್ಲ. ಅದು ಬಾಣಂತಿಯ ಹೊರಸಿನ ಪಕ್ಕದಲ್ಲೇ ಜಾಗ ಹಿಡಿದು, ಕೂಸಿನ ಜೊತೆಗೇ ಬೆಳೆಯಿತು. ಅಪ್ಪ ತಗ್ಗನ್ನು ತುಂಬಿದ ಮೇಲೆ ಆ ಮನೆಯಲ್ಲಿ ಒಂದು ಗೂಟಕ್ಕಾಗಿಯೂ ನೆಲ ತೋಡಲಿಲ್ಲ. ಇನ್ನೂ ಮಕ್ಕಳಾದವು, ಹಿಂದೆ ಅಂಕಣವೊಂದನ್ನು ಕಟ್ಟೋಣವೆಂದು ಅವ್ವ ಅಂಗಲಾಚಿದಳು. ಪಾಯ ತೆಗೆಯಬೇಕಲ್ಲ, ಬೇಡ ಎಂದ. ತುಂಬಿದ ಕುಣಿಯ ಮೇಲೆ ಮಲಗಿ ನಾನು ಹಾರಿಯ ಸಪ್ಪಳ ಕೇಳಿ ಬೆಚ್ಚುತ್ತಿದ್ದೆ. ಕಡೆಗೆ ಜಾಗ ಸಾಲದೆಂದು ಹಿರಿಯವಳಾದ ನನ್ನನ್ನೇ, ಇಂಗ್ಲಿಷರ ದಂಡು ಬೀಡುಬಿಟ್ಟಿದ್ದ ಊರಿನ ಪೇಟೆಯಲ್ಲಿ ಅರಿವೆ ಮಾರುತ್ತಿದ್ದ ಸೋದರಮಾವನ ಮನೆಗೆ ಕಳಿಸಿದರು. ಅಲ್ಲಿಂದ ಕಾನ್ವೆಂಟು, ಹಾಡು, ಕಸೂತಿ, ‘ಥ್ಯಾಂಕ್ ಯೂ ಸಿಸ್ಟರ್’. ಜನ ನನ್ನ ಇಂಗ್ಲಿಷನ್ನು ಹೊಗಳಿದಾಗೆಲ್ಲ ನನಗೆ ನೆನಪಾಗುವುದು ಒಂದು ಹೊರಸಿನಷ್ಟು ನೆಲ.

ಇನ್ನೊಂದು ಮಾತು. ಅಪ್ಪನ ಆ ನೋಟವನ್ನು ಆಯಿ ಕಂಡಿದ್ದಳು. ಮಗ ತನ್ನನ್ನು ನಂಬಲಿಲ್ಲ ಎಂಬುದೂ, ನಂಬದೆಯೇ ತನಗಾಗಿ ಕೈ ಚಾಚಿದ ಎಂಬುದೂ ಒಂದೇ ನೋಟದಲ್ಲಿ ಅವಳಿಗೆ ಸಿಕ್ಕಿದ್ದವು. ಅವೆರಡನ್ನು ಬೇರೆ ಮಾಡಿ ಇಡುವಷ್ಟು ಜಾಗ ಆ ಮನೆಯಲ್ಲಿರಲಿಲ್ಲ. ಇಬ್ಬರೂ ಸಾಯುವ ತನಕ ಆ ಮಾತು ತೆಗೆಯಲಿಲ್ಲ. ಆದರೆ ಅಂದಿನಿಂದ ಆಯಿ ಊಟಕ್ಕೆ ಮೊದಲು ಅಪ್ಪನ ಕೈಗೆ ತಾನೇ ನೀರು ಹಾಕುತ್ತಿದ್ದಳು.

ಇಷ್ಟು ಬರೆದು ನಿನ್ನೆ ಲೇಖನಿ ಕೆಳಗಿಟ್ಟಾಗ ಗೋಡೆಯಾಚೆ ಗಂಗಾಳ ಮಷೀನು ಓಡುತ್ತಿತ್ತು. ಓಡಿ, ತಡೆದು, ಮತ್ತೆ ಓಡುತ್ತಿತ್ತು. ಮಕ್ಕಳನ್ನು ಸರಿಸಲು ತಡೆಯುತ್ತಾಳೆ ಪಾಪ. ನನಗೆ ಮಾತ್ರ ಅದು ಹೆಜ್ಜೆ ಆಲಿಸುವ ಮಗ್ಗದ ಹಾಗೆ ಕೇಳಿಸಿತು. ಅಪ್ಪನ ಮನೆಯನ್ನು ಇಕ್ಕಟ್ಟು ಮಾಡಿದ ಅಂಜಿಕೆಗೆ ಈ ಮನೆಯಲ್ಲೂ ಜಾಗ ಹಿಡಿದಿಟ್ಟವಳು ನಾನಲ್ಲವೆ? ಈರಣ್ಣನನ್ನು ಕರೆದು ಬಡಗಿಗೆ ಹೇಳಿ ಕಳಿಸೆಂದೆ.

ಇವತ್ತು ಮುಂಜಾನೆ ಬಡಗಿ ಬಂದ. ಹಾರಿ ಎತ್ತಿದಾಗ ಹಳೆಯ ಹಾಗೆಯೇ ಬೆಚ್ಚಿದೆ, ಸುಳ್ಳೇಕೆ ಹೇಳಲಿ? ನಿಲ್ಲಲು ಬೇರೆ ಜಾಗವಿಲ್ಲದೆ ಗಂಗಾ ತನ್ನ ಹೊಟ್ಟೆ ಹಿಡಿದುಕೊಂಡು ನನ್ನ ಮಂಚಕ್ಕೇ ಬಂದು ಕೂತಳು. ಅವಳ ಕೈ ಹಿಡಿದುಕೊಂಡೆ. ಅವಳು ಅದನ್ನು ಪ್ರೀತಿ ಎಂದುಕೊಂಡಳು, ಅದೂ ಇತ್ತು. ಒಣ ಮಣ್ಣು ಮೇಲೆ ಬಂತು, ಒಂದೆರಡು ಹರಳು, ಯಾವುದೋ ಹಳೆಯ ಬೇರು.

“ಆಳ ಎಷ್ಟಾತು ನೋಡಾಕ ಏನರ ಕೊಡ್ರಿ,” ಎಂದ ಬಡಗಿ. ನನ್ನ ಊರುಗೋಲು ಕೊಟ್ಟೆ. ಅವನು ಅದನ್ನು ತಗ್ಗಿನಲ್ಲಿ ಇಳಿಬಿಟ್ಟು, ಉಗುರಿನಿಂದ ಗುರುತು ಹಿಡಿದು, ತಲೆಯೆತ್ತಿ ಕೇಳಿದ: “ಅಮ್ಮಾರ, ಸಾಕೇನ್ರಿ?”

“ಇನ್ನಷ್ಟ ಅಗಿಯಪ್ಪಾ,” ಎಂದೆ. “ಗಟ್ಟಿ ನಿಲ್ಲಲಿ.”

ಕೋಲು ತುದಿಗೆ ಮಣ್ಣು ಮೆತ್ತಿಕೊಂಡು ತಿರುಗಿ ಬಂದಿದೆ. ಒರೆಸುತ್ತೇನೆಂದು ಗಂಗಾ ಸೆರಗು ಎತ್ತಿದಳು. ಇರಲಿ ಬಿಡು ಎಂದೆ.